ಸುರಪುರ–ಯಾದಗಿರಿ ಮಾರ್ಗದಲ್ಲಿ ಫ್ಲಾಪಿಯ ವೇಗ: ಒಂದು ಶಾಸ್ತ್ರೀಯ ಜಿಜ್ಞಾಸೆ

ಹಳೆಯ ಕಂಪ್ಯೂಟರ್ ಡ್ರೈವುಗಳ ವೇಗವನ್ನು ಒಂದು ಮಾನದಿಂದ ಇನ್ನೊಂದಕ್ಕೆ ಇಳಿಸುವ ವಿದ್ಯೆ ಇಂದಿನ ಯಾದಗಿರಿ ಜಿಲ್ಲೆಯಲ್ಲೇ ಹುಟ್ಟಿತೆಂದು ಸಾಧಿಸುವುದು ಈ ಪ್ರಬಂಧದ ಉದ್ದೇಶ. ಆಧಾರವಿಲ್ಲವೆಂದು ಯಾರೂ ಮೂಗು ಮುರಿಯಬೇಕಿಲ್ಲ. ಮೆಡೋಸ್ ಟೇಲರ್ ಸಾಹೇಬರು 1841ರಲ್ಲಿ ಸುರಪುರಕ್ಕೆ ಬಂದರು, ಟೇಲರ್ ಮಂಜಿಲ್ ಕಟ್ಟಿಸಿದರು, ದಪ್ಪನೆಯ ಆತ್ಮಕಥೆ ಬರೆದರು. ಅದರಲ್ಲಿ ಫ್ಲಾಪಿಯ ಬಗ್ಗೆ ಒಂದಕ್ಷರವೂ ಇಲ್ಲ. ಅಷ್ಟು ಮಾತುಗಾರ ಮನುಷ್ಯ ಇಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದ್ದಾರೆಂದರೆ ಏನೋ ಇದೆ.

ಮೊದಲು ಪಂಥಭೇದ. ಡಿಸ್ಕ್ ಮಾರುವವರಿಗೆ ಕಿಲೋ ಎಂದರೆ 1,000, ಕಂಪ್ಯೂಟರಿಗೆ 1,024. ಜಗಳ ಬಿಡಿಸಲು 1998ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ‘ಕಿಬಿ’, ‘ಮೆಬಿ’ಗಳನ್ನು ತಂದಿತು, ಜನ ಕ್ಯಾರೇ ಎನ್ನಲಿಲ್ಲ. ಒಂದೇ ಹೆಸರಿನ ಎರಡು ಬೆಲೆಗಳಿಗೆ ಹೈದರಾಬಾದ್ ಕರ್ನಾಟಕದವರು ಹೆದರುವವರೂ ಅಲ್ಲ. ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಬ್ರಿಟಿಷರ ಕಲ್ದಾರ ರೂಪಾಯಿ ಎರಡನ್ನೂ ಕಂಡ ನೆಲ ಇದು; ಏಳು ಹಾಲಿಗೆ ಆರು ಕಲ್ದಾರ. ಈ 7/6ರ ಅಂತರಕ್ಕೆ ಕಂಪ್ಯೂಟರಿನವರು ಯಾವಾಗ ಮುಟ್ಟುತ್ತಾರೆ? ಕಿಲೋದಲ್ಲಿ ವ್ಯತ್ಯಾಸ ಶೇ. 2.4, ಗಿಗಾದಲ್ಲಿ 7.4, ಟೆರಾದಲ್ಲಿ ಸುಮಾರು 10. ಎಕ್ಸಾ ದಾಟಿ ಝೆಟ್ಟಾ ತಲುಪುವುದರೊಳಗೆ ಎಲ್ಲೋ ಒಂದು ಕಡೆ ಶೇ. 16.7 ಆಗುತ್ತದೆ. ಆ ಬಿಂದುವಿಗೆ ‘ಹಾಲಿ ಸಿಕ್ಕಾ ಗಡಿ’ ಎಂದು ಈ ಮೂಲಕ ನಾಮಕರಣ ಮಾಡಲಾಗಿದೆ.

1.44 ಎಂಬಿ ಫ್ಲಾಪಿಯದು ಇನ್ನೂ ವಿಚಿತ್ರ. ಅದು ಎರಡೂ ಪಂಥಕ್ಕೆ ಸೇರದೆ, 1,000ವನ್ನು 1,024ರಿಂದ ಗುಣಿಸಿ ಅದನ್ನೇ ಮೆಗಾ ಎನ್ನುತ್ತದೆ. ಹಾಗಾಗಿ ಒಂದು ಫ್ಲಾಪಿಗೆ 14,74,560 ಬೈಟು. ನಿಮಿಷಕ್ಕೆ 300 ಸುತ್ತು, ಸುತ್ತಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟು. ಅಲ್ಲಿಗೆ ಸೆಕೆಂಡಿಗೆ 46,080. ತಲೆ ಒಂದು ಕ್ಷಣವೂ ತಡವರಿಸದಿದ್ದರೆ ಪೂರ್ತಿ ಓದಲು 32 ಸೆಕೆಂಡು. ಆ ‘ಕರ್ರ್ ಕರ್ರ್’ ಸದ್ದು ಕೇಳಿದವರಿಗೆ ತಡವರಿಸದ ತಲೆ ಎಷ್ಟು ಅಪರೂಪವೆಂದು ಗೊತ್ತು.

ಸೀಡಿಯ ‘ಎಕ್ಸ್’ ಹಾಡಿನ ಗತಿಯಿಂದ ಬಂದದ್ದು: ಸೆಕೆಂಡಿಗೆ 75 ಸೆಕ್ಟರ್, ತಲಾ 2,048 ಬೈಟು, ಒಟ್ಟು 1,53,600. ಡೀವೀಡಿಯ ಒಂದು ಎಕ್ಸ್ ಇದರ ಸುಮಾರು ಒಂಬತ್ತು ಪಟ್ಟು. ಡ್ರೈವಿನ ಮೇಲೆ 52 ಎಕ್ಸ್ ಎಂದು ಬರೆದಿದ್ದರೆ ಅದು ಹೊರ ಅಂಚಿನ ಗರಿಷ್ಠ ವೇಗ. ಸೀಡಿ ತುಂಬುವುದು ಒಳಗಿನಿಂದ. ಅರ್ಧ ತುಂಬಿದ ಸೀಡಿ 52ರ ಮುಖವನ್ನೇ ಕಾಣುವುದಿಲ್ಲ, ‘ವೇಗದೂತ’ ಬೋರ್ಡಿನ ಬಸ್ಸು ಹಳ್ಳಿ ಹಳ್ಳಿಗೂ ನಿಂತ ಹಾಗೆ.

ಬಸ್ಸಿನ ಮಾತು ಬಂತು, ಪ್ರಮೇಯಕ್ಕೆ ಬರೋಣ. ಸುರಪುರದಲ್ಲಿ ನೂರು ಫ್ಲಾಪಿಗಳ ಚೀಲ ಹಿಡಿದು ಸಂಶೋಧಕ ಬಸ್ ಹತ್ತುತ್ತಾನೆ, ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ಎರಡು ತಾಸಿನಲ್ಲಿ ಇಳಿಯುತ್ತಾನೆ ಎಂದಿಟ್ಟುಕೊಳ್ಳಿ.

“ಚೀಲ್ದಾಗ ಏನದರೀ?” ಎನ್ನುತ್ತಾನೆ ಕಂಡಕ್ಟರ್.

“ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಐವತ್ತಾರು ಸಾವಿರ ಬೈಟ್ ಅವರೀ.”

“ಹಂಗಾರ ತೊಡಿ ಮ್ಯಾಲ ಇಟ್ಕೋರಿ.”

7,200 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸರಿಯಾಗಿ 20,480 ಬೈಟು. ಆ ಕಾಲದ 56ಕೆ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ ಸೆಕೆಂಡಿಗೆ 7,000 ದಾಟುತ್ತಿರಲಿಲ್ಲ. ಫ್ಲಾಪಿ ಡ್ರೈವಿನ ಒಂಬತ್ತರಲ್ಲಿ ನಾಲ್ಕು ಪಾಲು, ಸೀಡಿಯ ಹದಿನೈದರಲ್ಲಿ ಎರಡು ಎಕ್ಸ್: ಇದು ಬಸ್ಸಿನ ವೇಗ. ಶಹಾಪುರದ ನಿಲ್ದಾಣದಲ್ಲಿ ಡ್ರೈವರ್ ಚಾ ಕುಡಿಯಲು ಇಳಿದು, ಮಲಗಿದ ಬುದ್ಧನ ಬೆಟ್ಟದ ಕಡೆ ಮುಖ ಮಾಡಿ ಅರ್ಧ ತಾಸು ಕೂತನೆನ್ನಿ. ಆಗ 9,000 ಸೆಕೆಂಡು, ಉತ್ತರ 16,384. ಅಂದರೆ ಎರಡನ್ನು ಹದಿನಾಲ್ಕು ಸಲ ಗುಣಿಸಿದಾಗ ಬರುವ ಸಂಖ್ಯೆ, ಒಂದು ಬೈಟೂ ಆಚೀಚೆ ಇಲ್ಲ. ಚಾ ಕುಡಿಯದ ಬಸ್ಸು 1,024ರ ಪಂಥಕ್ಕೆ ಪೂರ್ತಿ ಒಲಿಯುವುದಿಲ್ಲ ಎಂಬುದು ಇದರಿಂದ ಸಿದ್ಧ.

ಇನ್ನು ಅನ್ವಯ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿತು. ಶಹಾಪುರ, ಸುರಪುರಗಳು ಆಗಿನ್ನೂ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಪಹಣಿಗೆ 4,096 ಬೈಟು ಹಿಡಿದರೆ ನಮ್ಮ ಬಸ್ಸಿನದು ಸೆಕೆಂಡಿಗೆ ಐದು ಪಹಣಿ, ಎಂದರೆ 75 ರೂಪಾಯಿ. ಚಾ ಕುಡಿದರೆ ನಾಲ್ಕು ಪಹಣಿ, 60 ರೂಪಾಯಿ. ಡ್ರೈವರನ ಕಪ್ಪಿನ ಬೆಲೆ ಸೆಕೆಂಡಿಗೆ 15 ರೂಪಾಯಿಯಾಯಿತು. ಯೋಜನೆಯಲ್ಲಿ ಸೇರಿದ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನೂ ಫ್ಲಾಪಿಗೆ ತುಂಬಿ ಒಂದೇ ಬಸ್ಸಿಗೆ ಹೇರಿದರೆ? ಐವತ್ತೈದು ಸಾವಿರ ಚಿಲ್ಲರೆ ಫ್ಲಾಪಿ, ತೂಕ ಒಂದು ಟನ್ನಿನ ಆಸುಪಾಸು. ಬಸ್ಸಿಗೆ ಅದೇನು ಮಹಾ, ಹತ್ತಿ ಸುಗ್ಗಿಯಲ್ಲಿ ಇನ್ನೂ ಹೆಚ್ಚು ಜನ ಹತ್ತಿರುತ್ತಾರೆ. ವೇಗ ಸೆಕೆಂಡಿಗೆ 11.4 ಎಂಬಿ. ತೊಂಬತ್ತರ ದಶಕದ ಹಾರ್ಡ್ ಡಿಸ್ಕುಗಳ ‘ಪಿಐಒ ಮೋಡ್ 3’ಕ್ಕೆ ಕಾಗದದ ಮೇಲಿದ್ದ ಮಿತಿ 11.1. ಬಸ್ಸು ಗೆದ್ದಿತು.

ಪೂರ್ವಪಕ್ಷದವರ ತಕರಾರು ಒಂದಿದೆ: ಇಳಿದ ಮೇಲೆ ಓದಬೇಕಲ್ಲ? ಒಪ್ಪಿದೆವು. ನೂರು ಫ್ಲಾಪಿಗೆ 53 ನಿಮಿಷ 20 ಸೆಕೆಂಡು ಸೇರಿಸಿಕೊಂಡಿದ್ದೇವೆ. ಫ್ಲಾಪಿ ಡ್ರೈವ್ ಇರುವ ಕಂಪ್ಯೂಟರನ್ನು ಯಾದಗಿರಿಯಲ್ಲಿ ಹುಡುಕುವ ಅವಧಿಯನ್ನು ‘ಹ’ ಎಂದು ಕರೆದಿದ್ದೇವೆ. ಸಂಶೋಧಕ ಚೀಲ ಹಿಡಿದು ಸ್ಟೇಷನ್ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಕೇಳುತ್ತ ಹೊರಟಿದ್ದಾನೆ. ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿಗೂ ‘ಹ’ ಬೆಳೆಯುತ್ತಲೇ ಇದೆ.