ಅವತಾರ ಎರಡು, ಅವಾಂತರ ಹಲವು

ನಮ್ಮ ಮನೆಯಲ್ಲಿ ಜೇಮ್ಸ್ ಕ್ಯಾಮರೂನ್ ಹೆಸರು ಕೆಟ್ಟಿದ್ದು ನನ್ನ ದೆಸೆಯಿಂದ. ಪಾಪ, ಆ ಹಾಲಿವುಡ್ ನಿರ್ದೇಶಕ ಹುಣಸೂರಿನವರಿಗೆ ಯಾವ ಭಾಷೆಯನ್ನೂ ಕೊಟ್ಟಿರಲಿಲ್ಲ. 2009ರ ಡಿಸೆಂಬರಿನಲ್ಲಿ ‘ಅವತಾರ್’ ಬಿಟ್ಟ, ಎರಡನೆಯ ಭಾಗ 2014ಕ್ಕೆ ಎಂದ, ಆಮೇಲೆ ಈ ವರ್ಷ, ಬರುವ ವರ್ಷ ಅಂತ ಎಳೆದ. ಅವನು ಮುಂದೂಡಿದಾಗಲೆಲ್ಲ ಊಟದ ಹೊತ್ತಿನಲ್ಲಿ ಅವನ ಪರ ವಕಾಲತ್ತು ಹಾಕುತ್ತಿದ್ದವನು ನಾನು.

“ನೀರಿನೊಳಗೆ ನಟರ ಚಲನವಲನ ಹಿಡಿಯೋಕೆ ಹೊಸ ತಂತ್ರಾನೇ ಕಂಡುಹಿಡೀಬೇಕಂತೆ ಕಣೇ, ಸುಮ್ನೇನಾ?”

“ಹಿತ್ತಲ ನಲ್ಲಿ ಸೋರ್ತಿದೆ. ಅದರ ವಾಷರ್ ಯಾರೋ ಆಗಲೇ ಕಂಡುಹಿಡಿದಿದ್ದಾರೆ, ಅಂಗಡೀಲಿ ಸಿಗುತ್ತೆ” ಅನ್ನುತ್ತಿದ್ದಳು ನನ್ನಾಕೆ.

ಅಂತೂ 2022ರ ಡಿಸೆಂಬರ್ 16ಕ್ಕೆ ‘ಅವತಾರ್: ದಿ ವೇ ಆಫ್ ವಾಟರ್’ ಬಂತು. ಕನ್ನಡದಲ್ಲೂ ಬಂತು, ಅದೇ ನನಗೆ ಮೊದಲ ಪೆಟ್ಟು. ಮೊದಲ ಭಾಗದ ಕಾಲದಲ್ಲಿ ಡಬ್ಬಿಂಗ್ ಅಂದರೆ ಗಾಂಧಿನಗರ ಕೆಂಡ ಕಾರುತ್ತಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ಅಡ್ಡಿ ತಪ್ಪೆಂದು ಹೇಳಿದ ಮೇಲೆ ದಾರಿ ಬಿಟ್ಟುಕೊಂಡಿತು. ಇಂಗ್ಲಿಷ್ ಸಿನಿಮಾ ನಡೆಯುವಾಗ ಪಕ್ಕದವರ ಕಿವಿಯಲ್ಲಿ ಅರ್ಥ ಹೇಳಿ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದ ನನ್ನ ಕಸುಬಿಗೆ ಕಲ್ಲು ಬಿತ್ತು. ಆದರೂ ವಿಜ್ಞಾನದ ಸಿನಿಮಾ ಅಂದರೇನು ಅಂತ ಮನೆಮಂದಿಗೆಲ್ಲ ತೋರಿಸಿಯೇ ಬಿಡೋಣ ಅಂತ ಹೊರಟೆ.

ನಮ್ಮ ಮನೆಮಂದಿ ಅಂದರೆ ನಾಲ್ಕು ತಾಲ್ಲೂಕು. ಪಿರಿಯಾಪಟ್ಟಣದ ಅತ್ತೆ, ಕೆ.ಆರ್. ನಗರದ ನನ್ನಕ್ಕ, ಎಚ್.ಡಿ. ಕೋಟೆಯ ಷಡ್ಡಕ, ಹುಣಸೂರಿನ ನಾವು. ಹೊಗೆಸೊಪ್ಪಿನ ಹರಾಜು ನಡೆಯುತ್ತಿದ್ದ ಕಾಲ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಿಂದ ನೇರವಾಗಿ ಬಂದು ಕಾರು ಹತ್ತಿದ ಷಡ್ಡಕನ ಅಂಗಿಯ ಘಾಟಿಗೆ ನಾನೇ ನಾಲ್ಕು ಸಲ ಸೀನಿದೆ. ಸೀನುಗಳ ನಡುವೆಯೇ, ಬಿಳಿಕೆರೆಯಲ್ಲಿ ಶುರು ಮಾಡಿ ಇಲವಾಲ ಬರುವಷ್ಟರಲ್ಲಿ ಮೊದಲ ಭಾಗದ ಕಥೆ ಒಪ್ಪಿಸಿದೆ. ಪಂಡೋರ ಅಂತ ಒಂದು ಉಪಗ್ರಹ, ಅಲ್ಲಿ ನೀಲಿ ಮೈಯ ಕಾಡುಜನ. ಭೂಮಿಯವರು ಅದಿರಿಗಾಗಿ ಅವರ ಕಾಡಿಗೆ ನುಗ್ಗಿ, ಜಾಗ ಖಾಲಿ ಮಾಡಿ ಅಂತಾರೆ.

“ಇದೇನಣ್ಣ, ನಮ್ ಕೋಟೆ ಕತೆ!” ಅಂದ ಷಡ್ಡಕ. “ಕಬಿನಿ ಡ್ಯಾಮಲ್ಲಿ ಊರುಗಳೇ ಮುಳುಗಿದ್ವು. ನಾಗರಹೊಳೆ ಒಳಗಿಂದ ಜೇನುಕುರುಬರ ಹಾಡಿಗಳನ್ನ ಎಬ್ಬಿಸಿದ್ರು. ಇದನ್ನ ನೋಡೋಕೆ ಮೈಸೂರಿಗೆ ಯಾಕೆ?”

ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. “ಇದು ತ್ರೀಡಿ ಕಣಯ್ಯ” ಅಂದೆ.

ತ್ರೀಡಿ ಅಂದರೆ ಚಾಳೀಸಿನ ಮೇಲೆ ಇನ್ನೊಂದು ಕನ್ನಡಕ ಅನ್ನುವುದು ನನಗೆ ಮರೆತೇ ಹೋಗಿತ್ತು. ಮೊದಲ ಭಾಗ ನೋಡುವಾಗ ನನಗೆ ಚಾಳೀಸು ಬಂದಿರಲಿಲ್ಲವಲ್ಲ. ಒಳಗಿನದು ಮೂಗನ್ನು ಕಚ್ಚುತ್ತದೆ, ಹೊರಗಿನದು ಕಿವಿಯ ಮೇಲೆ ಜಾಗ ಸಿಗದೆ ಜಾರುತ್ತದೆ. ಒಂದು ಕೈ ಅದನ್ನು ಹಿಡಿದುಕೊಳ್ಳಲಿಕ್ಕೆ, ಇನ್ನೊಂದರಲ್ಲಿ ಪಾಪ್‌ಕಾರ್ನ್, ತಿನ್ನುವುದು ಯಾವುದರಲ್ಲಿ? ಪಕ್ಕದಲ್ಲಿ ಅತ್ತೆ ತುರುಬಿನಿಂದ ಎರಡು ಹೇರ್‌ಪಿನ್ ಎಳೆದು, ಎರಡೂ ಕನ್ನಡಕದ ಕಡ್ಡಿಗಳನ್ನು ಸೇರಿಸಿ ಕಚ್ಚಿಸಿ, ಸೆರಗು ಹೊದ್ದು ಆರಾಮಾಗಿ ಕೂತರು. “ನಿಮಗೂ ಕೊಡ್ಲಾ ಅಳಿಯಂದ್ರೇ?” ಅಂದರು. ಗಂಡಸು ಹೇರ್‌ಪಿನ್ ಹಾಕುವುದೇ? ಬೇಡ ಅಂದೆ. ಅರ್ಧ ಗಂಟೆಯಾದ ಮೇಲೆ ನಾನೇ ಕೈ ಚಾಚಿದೆ.

ಸಿನಿಮಾ 192 ನಿಮಿಷ. ನಡುವೆ ಎದ್ದು ಶೌಚಾಲಯಕ್ಕೆ ಹೋದರೆ ತಪ್ಪೇನಿಲ್ಲ, ಬಿಟ್ಟುಹೋದದ್ದನ್ನು ಇನ್ನೊಮ್ಮೆ ಬಂದು ನೋಡಬಹುದು ಅಂತ ಕ್ಯಾಮರೂನನೇ ಸಂದರ್ಶನದಲ್ಲಿ ಹೇಳಿದ್ದ. ಇನ್ನೊಂದು ಟಿಕೆಟ್ಟಿನ ದುಡ್ಡು ಅವನಪ್ಪ ಕೊಡುತ್ತಾನೆಯೇ? ಇಂಟರ್ವಲ್ ಪೂರ್ತಿ ನಾನು ಪಾಪ್‌ಕಾರ್ನ್ ಸಾಲಿನಲ್ಲಿ ಕಳೆದಿದ್ದೆ. ಹೋರಾಟ ಜೋರಾಗಿರುವಾಗ ತಡೆಯಲಾಗದೆ, ಸಾಲಿನವರ ಕಾಲೆಲ್ಲ ತುಳಿದು ಓಡಿದೆ. ವಾಪಸ್ ಬಂದರೆ ಕತ್ತಲೆ. ಖಾಲಿ ಸೀಟು ಸಿಕ್ಕಿತೆಂದು ಕೂತು, ಪಕ್ಕದ ಪೊಟ್ಟಣಕ್ಕೆ ಕೈ ಹಾಕಿ ಎರಡು ಹಿಡಿ ತಿಂದ ಮೇಲೆ “ಅಂಕಲ್, ಇದು ನಮ್ದು” ಅಂತ ಒಂದು ಹುಡುಗಿಯ ದನಿ ಕೇಳಿತು. ತಲೆಯಲ್ಲಿ ಹೇರ್‌ಪಿನ್ ಬೇರೆ. ನಮ್ಮ ಸಾಲು ಹುಡುಕಿಕೊಂಡು ಬರುವಾಗ ಅತ್ತೆ ಬಿಕ್ಕುತ್ತಿದ್ದರು.

“ಏನಾಯ್ತು?”

“ಹೀರೋನ ದೊಡ್ಡ ಮಗ ಹೋಗ್ಬಿಟ್ಟ. ನೀವಿರಬೇಕಿತ್ತು.”

ವಾಪಸ್ ಬರುವಾಗ ಟೀ ಅಂಗಡಿಯಲ್ಲಿ ವಿಮರ್ಶೆ ಶುರುವಾಯಿತು. “ಕಥೆ ಹಳೇದೇ. ಕಾಡು ತೆಗೆದು ಸಮುದ್ರ ಇಟ್ಟಿದ್ದಾರೆ” ಅಂದಳು ನನ್ನಾಕೆ. “ಹೋದ ಸಲ ಸತ್ತ ಖಳನಾಯಕ ಈ ಸಲ ನೀಲಿ ಮೈ ಹೊತ್ತು ಬಂದ. ಸೀರಿಯಲ್ಲಲ್ಲಿ ಹಿಂಗೆ ಮಾಡಿದ್ರೆ ನಗ್ತೀರಲ್ಲ?”

“ನೀರು ಚೆನ್ನಾಗಿತ್ತು ಕಣೋ. ಆದ್ರೆ ಚುಂಚನಕಟ್ಟೇಲಿ ಮಳೆಗಾಲಕ್ಕೆ ಇದಕ್ಕಿಂತ ಜೋರು” ಅಂದಳು ಅಕ್ಕ.

ಮೆಚ್ಚಿದ್ದು ಅತ್ತೆ ಒಬ್ಬರೇ. ಟುಲ್ಕುನ್ ಎಂಬ ತಿಮಿಂಗಿಲದಂಥ ಪ್ರಾಣಿಯ ಮಿದುಳಿನಿಂದ ಮುಪ್ಪು ತಡೆಯುವ ದ್ರವ ತೆಗೆಯುತ್ತಾರಲ್ಲ, ಅದಕ್ಕೆ ಸಿನಿಮಾದಲ್ಲಿ ಇಟ್ಟಿರುವ ಹೆಸರೇ ಅಮೃತ. “ಸಮುದ್ರದಿಂದ ಅಮೃತ ತೆಗೆಯೋದು ನಮಗೆ ಗೊತ್ತಿಲ್ವಾ! ವಾಸುಕಿ ಒಬ್ಬ ಇರ್ಲಿಲ್ಲ, ಅಷ್ಟೇ” ಅಂದರು.

ಕಡೆಯ ಅಸ್ತ್ರ ಬಿಟ್ಟೆ: 73ರ ಸಿಗೋರ್ನಿ ವೀವರ್ ಇದರಲ್ಲಿ ಹದಿನಾಲ್ಕರ ಹುಡುಗಿ ಕಿರಿ! “ನಮ್ಮ ಹೀರೋಗಳು ಐವತ್ತಕ್ಕೆ ಕಾಲೇಜಿಗೆ ಹೋದ್ರೆ ಕಿಸಕ್ಕಂತೀರಿ” ಎಂದಳು ನನ್ನಾಕೆ. ಕೇಟ್ ವಿನ್‌ಸ್ಲೆಟ್ ನೀರಿನೊಳಗೆ ಏಳು ನಿಮಿಷಕ್ಕೂ ಹೆಚ್ಚು ಉಸಿರು ಹಿಡಿದಿದ್ದಳಂತೆ ಅಂದೆ. “ನೀವು ಏಳು ನಿಮಿಷ ಮಾತು ಹಿಡೀರಿ ನೋಡೋಣ.” ಹಿಡಿಯಲು ಆಗಲಿಲ್ಲ. ಮುಂದೆ ಈ ಸಿನಿಮಾ 230 ಕೋಟಿ ಡಾಲರ್ ಗಳಿಸಿತು, ದೃಶ್ಯ ಪರಿಣಾಮಕ್ಕೆ ಆಸ್ಕರನ್ನೂ ಪಡೆಯಿತು. ಆ ಎರಡು ಸುದ್ದಿಯನ್ನೂ ಮನೆಯಲ್ಲಿ ಜೋರಾಗಿ ಓದಿದೆ. ಮಿಕ್ಸಿ ಓಡುತ್ತಿತ್ತು.

ನನ್ನ ತೀರ್ಪೇನು ಅಂತ ಯಾರೂ ಕೇಳಲಿಲ್ಲ, ನೀವಾದರೂ ಕೇಳಿಸಿಕೊಳ್ಳಿ. ನಡುವಿನ ಒಂದು ಗಂಟೆ, ಮಕ್ಕಳು ಈಜು ಕಲಿತು ಆ ಟುಲ್ಕುನ್ ಜೊತೆ ಗೆಳೆತನ ಮಾಡುವ ಭಾಗ, ಕಥೆ ಒಂದಡಿಯೂ ಮುಂದೆ ಹೋಗದಿದ್ದರೂ ಬಂಗಾರ. ಕಡೆಯ ಗಂಟೆಯ ಗುಂಡು, ಬೆಂಕಿ, ಮುಳುಗುವ ಹಡಗನ್ನು ನಾನು ಬೇರೆ ಸಿನಿಮಾಗಳಲ್ಲಿ ನೋಡಿದ್ದೇ. ಅದರಲ್ಲಿ ನೋಡಲೇಬೇಕಾಗಿದ್ದ ಒಂದು ಸಾವಿನ ಹೊತ್ತಿಗೆ ನಾನು ಎಲ್ಲಿದ್ದೆನೆಂದು ಆಗಲೇ ಹೇಳಿದೆ.

ಮೂರನೆಯ ಭಾಗ 2025ರ ಡಿಸೆಂಬರ್ 19ಕ್ಕೆ ಬಂತು, ಎರಡನೆಯದಕ್ಕಿಂತ ಉದ್ದ. ನಿಮ್ಮ ಮನೆಯಲ್ಲೂ ನನ್ನಂಥವನೊಬ್ಬ ಇದ್ದೇ ಇರುತ್ತಾನೆ. ನಾಲ್ಕನೆಯದಕ್ಕೆ ಟಿಕೆಟ್ ಬುಕ್ ಮಾಡುವಾಗ ದಯವಿಟ್ಟು ಅವನಿಗೆ ಸಾಲಿನ ತುದಿಯ ಸೀಟೇ ಕೊಡಿ.