ಕೇಕಿಗೊಂದು ಪೀಠ

ನೋಡಿ, ನಮ್ಮ ಬೀದಿಯಲ್ಲಿ ಮನೇಲಿ ಕೇಕ್ ಮಾಡೋದು ಹಳೇ ಸುದ್ದಿಯಾಯ್ತು. ಈಗ ಆ ಕೇಕನ್ನು ಕೂರಿಸೋದಕ್ಕೆ ಪೀಠ ಮಾಡೋ ಹುಚ್ಚು. ಪಕ್ಕದ ಮನೆಯವರು ಅಟ್ಟದಿಂದ ಅಜ್ಜಿ ಕಾಲದ ಪಿಂಗಾಣಿ ತಟ್ಟೆಯನ್ನೂ, ಜೋಡಿ ಒಡೆದು ಒಂಟಿಯಾಗಿದ್ದ ಗಾಜಿನ ಐಸ್‌ಕ್ರೀಂ ಬಟ್ಟಲನ್ನೂ ಇಳಿಸಿದ್ದಾರೆ. ಬಟ್ಟಲು ಬೋರಲು, ಅದರ ಮೇಲೆ ತಟ್ಟೆ, ನಡುವೆ ಅಂಟು. ಅಂಗಡಿಯಲ್ಲಿ ಕೈಸುಡೋ ಬೆಲೆ ಹೇಳ್ತಾರಲ್ಲ, ಆ ಕೇಕ್ ಸ್ಟ್ಯಾಂಡು ಪುಕ್ಕಟೆಗೆ ಬಂತು ಅನ್ನೋ ಲೆಕ್ಕ.

ಅಂಟಿನ ವಿಷಯಕ್ಕೆ ಬಂದರೆ, ಮಕ್ಕಳ ಕ್ರಾಫ್ಟಿನ ಬಿಳಿ ಗೋಂದು ಇಲ್ಲಿ ಉಪಯೋಗಕ್ಕಿಲ್ಲ. ತೊಳೆದ ದಿನವೇ ಕೈಕೊಡುತ್ತೆ. ಎರಡು ಟ್ಯೂಬಿನದು ಬರುತ್ತಲ್ಲ, ಎಪಾಕ್ಸಿ, ಅದೇ ಬೇಕು. ಅಂಟೋ ಜಾಗವನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ ಒರಟು ಮಾಡಿ, ಜಿಡ್ಡು ಒರೆಸಿ, ದಾರ ಹಿಡಿದು ನಡುವನ್ನು ಗುರುತು ಮಾಡ್ಕೊಳ್ಳಿ. ಕಣ್ಣಳತೆ ನಂಬಿದರೆ ಕೇಕು ನೆಂಟರ ಎದುರೇ ವಾಲುತ್ತೆ. ಅಂಟಿಸಿದ ಮೇಲೆ ಒಂದು ದಿನ ಮುಟ್ಟಲೇಬಾರದು. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಅನ್ನಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ತಕರಾರಿರಲಿಲ್ಲ. ಪಕ್ಕದ ಮನೆಯಾಕೆಗೆ ತಟ್ಟೆಯ ನಟ್ಟನಡುವೆ ಅಕ್ರಿಲಿಕ್ ಬಣ್ಣದಲ್ಲಿ ನವಿಲು ಬರೀಬೇಕಂತೆ! ಕೇಕ್ ಕೂತರೆ ನವಿಲು ಕಾಣೋಲ್ಲ. ಕೇಕ್ ಕುಯ್ದರೆ ತುಂಡಿನ ಜೊತೆ ನವಿಲಿನ ಗರಿಯೂ ಹೊಟ್ಟೆಗೆ. ಓವನ್‌ನಲ್ಲಿಟ್ಟು ಕಾಯಿಸಿದರೆ ಗಟ್ಟಿಯಾಗುತ್ತಲ್ಲ ಅಂದರು. ಪಿಂಗಾಣಿಯ ಮೆರುಗು ಕರಗಿ ಗಾಜಾಗೋದು ಸಾವಿರ ಡಿಗ್ರಿ ದಾಟೋ ಕುಲುಮೆಯಲ್ಲಿ ಕಣಮ್ಮ, ಕೇಕ್ ಬೇಯಿಸೋ ಇನ್ನೂರು ಡಿಗ್ರಿಯಲ್ಲಲ್ಲ. ಇನ್ನು ಅಜ್ಜಿ ಕಾಲದ ತಟ್ಟೆ ಅಂದ್ರೆ ಮೆರುಗಿನಲ್ಲಿ ಸೀಸವೂ ಇರಬಹುದು. ನಿಂಬೆಯ ಹುಳಿ ತಾಗಿದರೆ ಅದು ಬಿಟ್ಟುಕೊಳ್ಳುತ್ತೆ. ಅಂಥದ್ದಕ್ಕೆ ಮೇಲೊಂದು ಕಾಗದ ಹಾಸಲೇಬೇಕು.

ಬಣ್ಣದ ಚಪಲ ತೀರಲೇಬೇಕಾದರೆ ಗಾಜಿನ ತಟ್ಟೆ ತಗೊಂಡು ತಳಕ್ಕೆ ಬರೀಲಿ. ಮೇಲಿನಿಂದ ಕಾಣುತ್ತೆ, ತಿಂಡಿಗೆ ತಾಗೋಲ್ಲ. ಬರೆಯೋ ಕ್ರಮ ಮಾತ್ರ ತಿರುಗುಮುರುಗು: ಮೊದಲು ಕಣ್ಣು, ಗೆರೆ, ಚುಕ್ಕೆ, ಹಿನ್ನೆಲೆಯ ಬಣ್ಣ ಕಟ್ಟಕಡೆಗೆ.

ಬಣ್ಣ ತಿಂಡಿಗೆ ತಾಗಬಾರದು ಅನ್ನೋ ಬುದ್ಧಿ ನಮ್ಮ ಮಲೆನಾಡಿನವರಿಗೆ ಯಾವತ್ತೋ ಇತ್ತು. ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿ ಸಿಂಗರಿಸ್ತಾರಲ್ಲ, ನೋಡಿದ್ದೀರಾ? ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಸಣ್ಣ ಸಣ್ಣ ಗೆರೆ ಎಳೀತಾರೆ. ಆ ತಾಳ್ಮೆ ನನಗಂತೂ ಇಲ್ಲ. ಚಿತ್ತಾರವೆಲ್ಲ ಬುಟ್ಟಿಯ ಹೊರಮೈಗೆ. ಗದ್ದೆಗೆ ಒಯ್ಯೋ ಎಡೆ ಇರೋದು ಬಾಳೆ ಎಲೆಯ ಮೇಲೆ. ಬಿಸ್ಕತ್ತು, ಬನ್ನು, ಖಾರದ ಬ್ರೆಡ್ಡು ಹಂಚೋಕೆ ಅಂಥ ಪುಟ್ಟ ಬುಟ್ಟಿ ಮಾಡಿ ಒಳಗೆ ಎಲೆ ಹಾಸಿದರೆ ಯಾವ ಕೇಕ್ ಸ್ಟ್ಯಾಂಡು ಅದರ ಮುಂದೆ ನಿಲ್ಲುತ್ತೆ ಹೇಳಿ!

ಮರದ್ದೇ ಬೇಕು ಅನ್ನೋರಿಗೆ ಚನ್ನಪಟ್ಟಣ ಇದೆ. ಆಲೆಮರದ ತುಂಡನ್ನು ತಿರುಗಣೆಗೆ ಕಟ್ಟಿ, ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಮೆತ್ತುತ್ತೆ. ಆಮೇಲೆ ತಾಳೆಗರಿಯಲ್ಲಿ ತೀಡಿದರೆ ಹೊಳಪು. ಬಿಸಿಗೆ ಕರಗಿ ಹತ್ತಿದ್ದು ಬಿಸಿಗೇ ಮೆತ್ತಗೂ ಆಗುತ್ತಲ್ಲ, ಅದಕ್ಕೇ ಓವನ್‌ನಿಂದ ತೆಗೆದ ಟ್ರೇಯನ್ನು ಅದರ ಮೇಲೆ ಇಡಬೇಡಿ. ತಿಂಡಿ ಆರಿದ ಮೇಲೆ ಜೋಡಿಸಿ. ಸಸ್ಯಮೂಲದ ಬಣ್ಣದ್ದೇ ಅಂತ ಕೇಳಿ ಕೊಳ್ಳಿ.

ಬೆಂಗಳೂರಿಂದ ಮೈಸೂರಿಗೆ ಹೋಗೋ ದಾರೀಲೇ ಚನ್ನಪಟ್ಟಣ ಸಿಗುತ್ತೆ. ಇಳಿದರೆ ನನಗೂ ಒಂದು ಅಗಲದ ತಟ್ಟೆ ತನ್ನಿ, ದುಡ್ಡು ಈಗಲೇ ಕೊಡ್ತೀನಿ. ನವಿಲು ಮಾತ್ರ ಬೇಡ.