ಧಾತು ಮೇಷ್ಟ್ರು

ಊರಿಗೊಬ್ಬ ಧಾತು ಮೇಷ್ಟ್ರು ಇದ್ದೇ ಇರುತ್ತಾರೆ. 'ಬಸ್ಸು ಹೋಯ್ತಾ ಸಾರ್?' ಅಂತ ಕೇಳಿ ನೋಡಿ. ಬಸ್ಸೆಂಬುದು ಲ್ಯಾಟಿನ್ನಿನ 'ಓಮ್ನಿಬುಸ್'ನ ಬರೀ ಬಾಲ ಎಂದು ಶುರುಮಾಡುತ್ತಾರೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹಂಪಾಪುರದಲ್ಲಿ ಹೀಗೆ ಕೋಟೆ ಬಸ್ಸು ತಪ್ಪಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ನಿವೃತ್ತಿಯಾದ ಮೇಲೆ ನಮ್ಮ ಮೇಷ್ಟ್ರು ಕಿಟ್ಟೆಲ್ ಕೋಶ, ಕೇಶಿರಾಜ, 'ಇಗೋ ಕನ್ನಡ' ಅಂಕಣ ಕತ್ತರಿಸಿ ಅಂಟಿಸಿದ ನೋಟುಬುಕ್ಕು, ಇಷ್ಟರಲ್ಲೇ ತೃಪ್ತರಾಗಿದ್ದರು. ಮೊಮ್ಮಗ ಮೊಬೈಲಿಗೆ ಡ್ಯುವೊಲಿಂಗೋ ಹಾಕಿಕೊಟ್ಟು ಬೆಂಗಳೂರಿಗೆ ಹೋದ ಮೇಲೆ ಹೀಬ್ರೂ ಹಿಡಿದಿದ್ದಾರೆ. ಪಾಠ ತಪ್ಪಿಸಿದರೆ ಹಸಿರು ಗೂಬೆಯೊಂದು ಬಂದು ನೆನಪಿಸುತ್ತದೆ. ಮೇಷ್ಟ್ರಮ್ಮನಿಗೆ ಹೀಬ್ರೂ ಮೇಲೆ ತಕರಾರಿಲ್ಲ. 'ಬೆಳಗಾಗೆದ್ದು ಗೂಬೆ ಮುಖ ನೋಡ್ತಾರಲ್ಲ, ಮನೆ ಉದ್ಧಾರವಾದೀತಾ?' ಎಂಬುದಷ್ಟೇ ಅವರ ಚಿಂತೆ.

ಊರಿನವರ ಹೊಟ್ಟೆಯುರಿಗೆ ಕಾರಣ ಬೇರೆ. ಈ ಮೇಷ್ಟ್ರು ಒಂದು ಕೊಂಬು ಬಿಟ್ಟರೆ, ಒಂದು ದೀರ್ಘ ತಪ್ಪಿದರೆ ಮೂರು ತಲೆಮಾರಿನ ಅಂಗೈ ಕೆಂಪು ಮಾಡಿದವರು. ಈಗ ಮೋಹಿಸಿರುವುದು ಸ್ವರಗಳನ್ನು ಹೆಚ್ಚುಕಡಿಮೆ ಬರೆಯದೇ ಬಿಡುವ ಭಾಷೆಯನ್ನು! ಅಲ್ಲಿ ಸ್ವರದ ಚುಕ್ಕಿಗಳೇನಿದ್ದರೂ ಮಕ್ಕಳ ಪುಸ್ತಕಕ್ಕೆ, ಪದ್ಯಕ್ಕೆ, ಧರ್ಮಗ್ರಂಥಕ್ಕೆ. ಪತ್ರಿಕೆ ಓದುವವನು ವ್ಯಂಜನ ನೋಡಿ ಸ್ವರವನ್ನು ತಾನೇ ತುಂಬಿಕೊಳ್ಳಬೇಕು. 'ನಾವೂ ಹಂಗೇ ಬರೀತಿದ್ವಿ, ಬೆತ್ತದಲ್ಲಿ ಬಾರಿಸಿದ್ರಿ' ಎಂದು ಹಳೇ ಶಿಷ್ಯನೊಬ್ಬ ಸಂತೆಯಲ್ಲೇ ನ್ಯಾಯ ಕೇಳಿದ. ಮೇಷ್ಟ್ರು ಕೇಳಿಸದವರಂತೆ ಬೆಂಡೆಕಾಯಿ ತುದಿ ಮುರಿದು ನೋಡುತ್ತಿದ್ದರು.

1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೆಜರ್ ಬೆನ್ ಯೆಹೂದಾ, ಪೂಜೆ-ಪಾಠಕ್ಕೆ ಮೀಸಲಾಗಿದ್ದ ಹೀಬ್ರೂವನ್ನು ಅಡುಗೆಮನೆಗೆ ಇಳಿಸುತ್ತೇನೆಂದು ಹಟ ಹಿಡಿದು, ಮಗನ ಕಿವಿಗೆ ಬೇರೆ ಭಾಷೆ ಬೀಳದಂತೆ ಬೆಳೆಸಿದನಂತೆ. ಅದನ್ನು ಓದಿದ್ದೇ ಮೇಷ್ಟ್ರೂ ಮನೆಯಲ್ಲಿ ಹೀಬ್ರೂ ವ್ರತ ಹಿಡಿದರು. ಮಧ್ಯಾಹ್ನ 'ಲೆಖೆಮ್' ಅಂದರು, ರೊಟ್ಟಿ ಎಂದು ಅರ್ಥ. ಮೇಷ್ಟ್ರಮ್ಮ ಜಗ್ಗಲಿಲ್ಲ. 'ಒಂದು ಮುದ್ದೆ ಇಕ್ಕೇ' ಎಂದು ಬಾಯಿಬಿಟ್ಟ ಮೇಲೆಯೇ ತಟ್ಟೆ ಬಂತು.

ಮನೆಯಲ್ಲಿ ನಡೆಯದ್ದು ಬೀದಿಯಲ್ಲಿ ನಡೆಯುತ್ತದೆ. ಟೀ ಅಂಗಡಿಯಲ್ಲಿ ಈಗ ಅವರು ಕೇಳುವುದು 'ಹೆಶ್ಬೋನ್'. ಬಿಲ್ಲು ಎಂದರ್ಥ, ನಮ್ಮ ಹಿಸಾಬಿನ ದಾಯಾದಿ. ಹಿಸಾಬು ಅರಬ್ಬಿಯಿಂದ ಬಂದದ್ದು, ಅರಬ್ಬಿ-ಹೀಬ್ರೂ ಒಂದೇ ಮನೆತನ. 'ಶಾಲೋಮ್' ಮತ್ತು ಸಲಾಮು ಹೀಗೇ ಸಂಬಂಧಿಕರು. ಅದೇ ಶ-ಲ-ಮ ಧಾತುವಿನಿಂದ 'ಲೆಶಲೇಮ್' ಎಂಬ ಕ್ರಿಯಾಪದವೂ ಹುಟ್ಟಿದೆ, ದುಡ್ಡು ಕೊಡು ಎಂದು ಅರ್ಥ. ಇದನ್ನು ವಿವರಿಸಿ ತಪ್ಪು ಮಾಡಿದರು. 'ಶಾಲೋಮ್ ದಿನಾ ಆಯ್ತದೆ ಸಾರ್, ಇವತ್ತು ಎರಡನೇದೂ ಆಗ್ಲಿ' ಅಂದ ಅಂಗಡಿಯವನು ಸಾಲದ ಪುಸ್ತಕ ತೆಗೆದ.

ಕಟಿಂಗ್ ಶಾಪಿನಲ್ಲೂ ಪಾಠ ನಡೆಯಿತು. ಸ-ಫ-ರ ಎಂಬ ಮೂರೇ ಅಕ್ಷರ: 'ಸೆಫೆರ್' ಪುಸ್ತಕ, 'ಸಿಪ್ಪೂರ್' ಕತೆ, 'ಮಿಸ್ಪಾರ್' ಸಂಖ್ಯೆ, 'ಸಪ್ಪಾರ್' ಕ್ಷೌರಿಕ. ನಾಲ್ಕೂ ಅದೇ ಅಕ್ಷರಗಳಲ್ಲಿ ಹೇಗೆ ಬಂದು ಕೂತವೆಂದು ಮೇಷ್ಟ್ರು ಸೋಜಿಗಪಡುತ್ತಿದ್ದರು. ಕ್ಷೌರಿಕನಿಗೆ ಸೋಜಿಗವೇ ಆಗಲಿಲ್ಲ. 'ಓದಾಕೆ ಪೇಪರ್ ಇಲ್ಲೇ ಐತೆ, ಊರ ಕತೆಯೆಲ್ಲ ಇಲ್ಲೇ ಆಗೋದು, ನಂಬರಿನ ಪ್ರಕಾರ ಕೂರ್ಬೇಕು. ಇನ್ನೆಲ್ಲಿಗೆ ಹೋದಾವು ಸಾರ್? ತಲೆ ಬಗ್ಸಿ.' ಹೀಬ್ರೂ ವ್ಯಾಕರಣವನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಾರರು.

ಮೇಷ್ಟ್ರ ಬ್ರಹ್ಮಾಸ್ತ್ರ ನವಿಲು. ಸೊಲೊಮೋನ ರಾಜನ ಹಡಗುಗಳು ಮೂರು ವರ್ಷಕ್ಕೊಮ್ಮೆ ಚಿನ್ನ, ದಂತ, ಕೋತಿಗಳ ಜೊತೆ 'ತುಕ್ಕಿಯಿಮ್' ತರುತ್ತಿದ್ದವೆಂದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ಅದು ನವಿಲೆಂದೂ ಮಾತು ತಮಿಳಿನ 'ತೋಕೈ'ಯಿಂದ ಹೋದದ್ದೆಂದೂ ಹಲವು ವಿದ್ವಾಂಸರ ಮತ. 'ತಮಿಳೇ ಯಾಕೆ? ನಮ್ಮ ತೋಕೆ ಎಲ್ಲಿ ಹೋಯ್ತು? ಬಾಲ ನಮ್ಮದೂ ಅಲ್ಲವೇ?' ಎಂದು ಮೇಷ್ಟ್ರು ಮೇಜು ಗುದ್ದುತ್ತಾರೆ. ಇವತ್ತಿನ ಹೀಬ್ರೂವಿನಲ್ಲಿ 'ತುಕ್ಕಿ' ಎಂದರೆ ಗಿಳಿ ಎಂಬುದನ್ನು ಮಾತ್ರ ಮೆಲ್ಲಗೆ ಹೇಳುತ್ತಾರೆ.

ಮೊನ್ನೆ ಇದನ್ನು ಹುರುಳಿ ಬಿತ್ತಿದ್ದ ರೈತನೊಬ್ಬ ಪೂರ್ತಿ ಕೇಳಿಸಿಕೊಂಡ. ಅಷ್ಟು ಶ್ರದ್ಧೆಯ ಶ್ರೋತೃ ಮೇಷ್ಟ್ರಿಗೆ ಎಂದೂ ಸಿಕ್ಕಿರಲಿಲ್ಲ.

'ಆ ರಾಜ ಇನ್ನೂ ಹಡಗು ಕಳಿಸ್ತಾನಾ ಸಾರ್?'

'ಅವನು ಸತ್ತು ಮೂರು ಸಾವಿರ ವರ್ಷವಾಗುತ್ತಾ ಬಂತಲ್ಲೋ.'

'ಛೇ! ನಮ್ಮ ಹೊಲದಲ್ಲಿ ಹಿಂಡುಗಟ್ಲೆ ಬಿದ್ದವೆ. ಬಂದಿದ್ರೆ ಹಡಗಿಗೆ ನಾನೇ ತುಂಬಿ ಕೊಡ್ತಿದ್ದೆ.'